ಗ್ರೀನ್‌ಬೇಯಲ್ಲಿ ಮೂರು ದಿನ, ಎಂಟು ಹುಡುಗರು

2025ರ ಏಪ್ರಿಲ್ 24ರ ಬೆಳಿಗ್ಗೆ ಶಿಕಾಗೋ ಹೊರವಲಯದ ನೇಪರ್‌ವಿಲ್‌ನಿಂದ ಹೊರಟಾಗ ನಮ್ಮಿಬ್ಬರ ಕಿವಿಯೂ ಚಿನ್ನಸ್ವಾಮಿಯಲ್ಲಿತ್ತು. ಅಲ್ಲಿ ರಾತ್ರಿ ಏಳೂವರೆ, ಇಲ್ಲಿ ಬೆಳಿಗ್ಗೆ ಒಂಬತ್ತು. ಆರ್‌ಸಿಬಿ ಆ ಸೀಸನ್ನಿನಲ್ಲಿ ಪರಊರಲ್ಲೆಲ್ಲ ಗೆದ್ದು, ಬೆಂಗಳೂರಿನಲ್ಲಿ ಮಾತ್ರ ಮೂರಕ್ಕೆ ಮೂರೂ ಸೋತು ಕೂತಿತ್ತು. "ಎಲ್ಲಾರೂ ಮನಿಯೊಳಗ ಹುಲಿ, ಬೀದ್ಯಾಗ ಇಲಿ. ನಮ್ಮವ್ರು ಉಲ್ಟಾ" ಅಂದ ಪಕ್ಕದಲ್ಲಿ ಕೂತಿದ್ದ ಧಾರವಾಡದ ಗೆಳೆಯ. ರಾಜಸ್ಥಾನದ ಎದುರು 205 ಹೊಡೆದೆವು. ಮಿಲ್ವಾಕಿ ದಾಟಿ ಹೆದ್ದಾರಿ 41 ಹಿಡಿದು ಆಶ್‌ಕಾಶ್ ಹತ್ತಿರ ಬರುವಾಗ ಹೇಜಲ್‌ವುಡ್ ಹತ್ತೊಂಬತ್ತನೇ ಓವರಿನಲ್ಲಿ ಒಂದೇ ರನ್ ಕೊಟ್ಟು ಎರಡು ವಿಕೆಟ್ ಕಿತ್ತ. ಕಾರನ್ನು ಪಕ್ಕಕ್ಕೆ ಹಾಕಿ, ಹನ್ನೊಂದು ರನ್ನಿನ ಗೆಲುವಿಗೆ ಚಪಾತಿ, ಶೇಂಗಾ ಚಟ್ನಿಪುಡಿಯ ಬುತ್ತಿ ಬಿಚ್ಚಿದೆವು. ಶಕುನ ಚೆನ್ನಾಗಿದೆ ಅಂದುಕೊಂಡೆ.

ಹೊರಟಿದ್ದು ಮಾತ್ರ ಬೇರೆ ಆಟಕ್ಕೆ. ಆಟಕ್ಕೂ ಅಲ್ಲ, ಆಟಗಾರರನ್ನು ಆರಿಸಿಕೊಳ್ಳುವುದನ್ನು ನೋಡುವುದಕ್ಕೆ. ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ಡ್ರಾಫ್ಟ್ ಆ ವರ್ಷ ಗ್ರೀನ್‌ಬೇಯಲ್ಲಿ, ಅಂದರೆ ನನ್ನ ತಂಡ ಪ್ಯಾಕರ್ಸ್‌ನ ಮನೆಯಂಗಳದಲ್ಲಿ. ಹಿಂದಿನ ರಾತ್ರಿ ಹಾಸನದಿಂದ ಅಪ್ಪ ಫೋನಿನಲ್ಲಿ, "ಏನಪ್ಪಾ ಅದು ಡ್ರಾಫ್ಟು?" ಅಂತ ಕೇಳಿದ್ದರು. ಐಪಿಎಲ್ ಹರಾಜಿನ ಥರವೇ, ಆದರೆ ಇಲ್ಲಿ ಯಾರೂ ದುಡ್ಡು ಕೂಗುವುದಿಲ್ಲ ಅಂದೆ. ಹಿಂದಿನ ವರ್ಷ ತೀರಾ ಕೆಳಗೆ ಬಿದ್ದ ತಂಡಕ್ಕೆ ಮೊದಲ ಸರದಿ, ಕಪ್ ಗೆದ್ದವರಿಗೆ ಕೊನೆಯದು. ಕಾಲೇಜು ಮುಗಿಸಿ ಬರುವ ಹುಡುಗರನ್ನು 32 ತಂಡಗಳು ಹೀಗೆ ಏಳು ಸುತ್ತಿನಲ್ಲಿ ಆರಿಸಿಕೊಳ್ಳುತ್ತವೆ. ಈ ಸಲ ಒಟ್ಟು 257 ಜನ. ಸರದಿಯನ್ನು ಬೇಕಾದರೆ ಬೇರೆ ತಂಡದ ಜೊತೆ ಅದಲು ಬದಲು ಮಾಡಿಕೊಳ್ಳಬಹುದು. "ಹುಡುಗನಿಗೆ ಆ ಊರು ಬೇಡ ಅನ್ನಿಸಿದ್ರೆ?" ಅವನನ್ನು ಕೇಳುವವರಿಲ್ಲ ಅಂದೆ. "ಸರಿ ಬಿಡು, ನಮ್ಮ ಮೇಷ್ಟ್ರ ಪೋಸ್ಟಿಂಗ್ ಇದ್ದ ಹಾಗೆ" ಅಂದರು ಅಪ್ಪ. ಅವರೂ ಮೊದಲ ಆರು ವರ್ಷ ಕೇಳದ ಊರಲ್ಲೇ ಪಾಠ ಮಾಡಿದವರು.

ಶಿಕಾಗೋದಲ್ಲಿದ್ದು ಪ್ಯಾಕರ್ಸ್ ಅನ್ನುವುದು ಮೈಸೂರಿನಲ್ಲಿದ್ದು ಚೆನ್ನೈ ಅಂಗಿ ಹಾಕಿದಂತೆ. ತಪ್ಪು ನನ್ನದಲ್ಲ. ನಾನು ಓದಲು ಬಂದಿದ್ದು ಮಿಲ್ವಾಕಿಗೆ, ಎರಡನೇ ಚಳಿಗಾಲದಲ್ಲೇ, 2011ರ ಫೆಬ್ರುವರಿಯಲ್ಲಿ, ಪ್ಯಾಕರ್ಸ್ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್‌ಬೌಲ್ ಗೆದ್ದರು. ಆಟದ ತಲೆಬುಡ ಗೊತ್ತಿಲ್ಲದೆಯೂ ಆ ರಾತ್ರಿ ಹಿಮದಲ್ಲಿ ಕುಣಿದೆ. ಆಮೇಲೆ ಬಿಡಿಸಿಕೊಳ್ಳಲಾಗಲಿಲ್ಲ. ಗೆಳೆಯ ಮಾತ್ರ ಶಿಕಾಗೋ ಬೇರ್ಸ್ ಕಡೆಯವನು. ಈ ಎರಡು ತಂಡಗಳ ಹಗೆ ನೂರು ವರ್ಷದ್ದು, ನಮ್ಮದು ಎಂಟು ವರ್ಷದ್ದು.

ಗ್ರೀನ್‌ಬೇ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಒಂದು ಲಕ್ಷ ಚಿಲ್ಲರೆ ಜನ, ಹೆಚ್ಚುಕಮ್ಮಿ ನಮ್ಮ ಚಿಕ್ಕಮಗಳೂರಿನಷ್ಟು. ಕಾಗದದ ಕಾರ್ಖಾನೆಗಳು, ಫಾಕ್ಸ್ ನದಿ, ತಗ್ಗು ಮನೆಗಳು. ಆ ಮನೆಗಳ ಸಾಲಿನ ನಡುವೆ ಏಕಾಏಕಿ 81,000 ಜನ ಹಿಡಿಸುವ ಲ್ಯಾಂಬೊ ಫೀಲ್ಡ್ ಎದ್ದು ನಿಂತಿದೆ. ಪಂದ್ಯದ ದಿನ ಸುತ್ತಲಿನ ಮನೆಯವರು ತಮ್ಮ ಹುಲ್ಲುಹಾಸನ್ನೇ ಪಾರ್ಕಿಂಗ್ ಮಾಡಿ ದುಡ್ಡು ತಗೊಳ್ಳುತ್ತಾರೆ. ನಮಗೂ ಹಾಗೊಂದು ಅಂಗಳ ಸಿಕ್ಕಿತು. ಮನೆಯಾಕೆಗೆ ಎಪ್ಪತ್ತರ ಮೇಲಾಗಿರಬೇಕು, ಹಸಿರು ಸ್ವೆಟರ್ ತೊಟ್ಟು ಮಡಚುವ ಕುರ್ಚಿಯಲ್ಲಿ ಕೂತು ಕೈಸನ್ನೆಯಲ್ಲೇ ಕಾರು ನಿಲ್ಲಿಸಿದಳು. ಹಿಂದಿನ ಚಕ್ರ ಅವಳ ಟ್ಯುಲಿಪ್ ಪಾತಿಗೆ ಒಂದು ಗೇಣು ದೂರ ಬಂದಾಗ ಮಾತ್ರ ಬಾಯಿ ತೆರೆದಳು. ಬಾತ್‌ರೂಮ್ ಕೇಳಿಕೊಂಡು ಒಳಗೆ ಹೋದ ಗೆಳೆಯ ಬಂದು, "ಗ್ವಾಡಿ ಮ್ಯಾಲ ಮದುವಿ ಫೋಟೋ ಕೆಳಗ ಐತಿ, ಶೇರ್ ಸರ್ಟಿಫಿಕೇಟ್ ಮ್ಯಾಲೈತಿ" ಅಂದ.

ಅದೇ ಈ ಊರಿನ ವಿಚಿತ್ರ. ಎನ್‌ಎಫ್‌ಎಲ್‌ನ ಉಳಿದ ತಂಡಗಳಿಗೆಲ್ಲ ಕುಬೇರರು ಯಜಮಾನರು. 1919ರಲ್ಲಿ ಹುಟ್ಟಿದ ಪ್ಯಾಕರ್ಸ್‌ಗೆ ಮಾತ್ರ ಐದು ಲಕ್ಷಕ್ಕೂ ಮಿಕ್ಕಿ ಶೇರುದಾರರು. ಶೇರಿಗೆ ಲಾಭಾಂಶವಿಲ್ಲ, ಮಾರುವ ಹಾಗಿಲ್ಲ, ಸೀಸನ್ ಟಿಕೆಟೂ ಸಿಗುವುದಿಲ್ಲ. ಅದಕ್ಕೆ ಕಾಯುವವರ ಪಟ್ಟಿಯೇ 1,40,000 ದಾಟಿದೆ. ಕಳೆದ ಸಲ ಮಾರಿದಾಗ ಒಂದಕ್ಕೆ 300 ಡಾಲರ್. ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟ ರಸೀದಿಗೆ ಕಟ್ಟು ಹಾಕಿಸಿಟ್ಟುಕೊಂಡ ಹಾಗೆ. ನಾನೂ ಒಂದು ತಗೊಂಡಿದ್ದೇನೆ. ಹಾಗಾಗಿ ಮುಂದೆ ಬರೆಯುವುದನ್ನು ಅಭಿಮಾನಿಯ ಗೊಣಗಾಟ ಅನ್ನಬೇಡಿ, ಶೇರುದಾರನ ಆಕ್ಷೇಪಣೆ ಅನ್ನಿ.

ವೇದಿಕೆ ಇದ್ದದ್ದು ಸ್ಟೇಡಿಯಂ ಹೊರಗಿನ ಮೈದಾನದಲ್ಲಿ, ಪ್ರವೇಶ ಪುಕ್ಕಟೆ. ಮೊದಲ ದಿನವೇ ಎರಡು ಲಕ್ಷ, ಮೂರು ದಿನ ಸೇರಿ ಆರು ಲಕ್ಷ ಜನ ಬಂದರೆಂದು ಆಮೇಲೆ ಹೇಳಿದರು. ಚಿಕ್ಕಮಗಳೂರಿಗೆ ಮೂರು ದಿನದಲ್ಲಿ ಆರು ಲಕ್ಷ ಅಂದರೆ ಲೆಕ್ಕ ಹಾಕಿಕೊಳ್ಳಿ. ತಲೆಯ ಮೇಲೆ ಹಳದಿ ಚೀಸ್ ತುಂಡಿನಂಥ ತ್ರಿಕೋನ ಟೋಪಿ ಹೊತ್ತವರು, ಎದೆಗೆ ಬಣ್ಣ ಬಳಿದವರು, ಹಳೇ ಆಟಗಾರರ ಹೆಸರಿನ ಜರ್ಸಿಯಲ್ಲಿ ಮೊಮ್ಮಕ್ಕಳನ್ನು ಹೆಗಲಿಗೇರಿಸಿಕೊಂಡ ಅಜ್ಜಂದಿರು. ಎಲ್ಲಿ ನೋಡಿದರೂ ಹಂದಿಮಾಂಸದ ಬ್ರಾಟ್‌ವರ್ಸ್ಟ್ ಸುಡುವ ಹೊಗೆ. ಸಸ್ಯಾಹಾರಿ ಗೆಳೆಯನಿಗೆ ಗತಿ ಚೀಸ್ ಕರ್ಡ್ಸ್ ಒಂದೇ. ಕರಿದದ್ದನ್ನು ಮೆಣಸಿನಕಾಯಿ ಬಜ್ಜಿಯಂತೆ ಊದಿ ಊದಿ ತಿಂದ. ಕರಿಯದ ತಾಜಾ ತುಂಡನ್ನು ಕಚ್ಚಿದಾಗ ಅದು ಹಲ್ಲಿಗೆ ಸಿಕ್ಕು ಕೀಚ್ ಅಂದಿತು, ಹೊಸ ಚಪ್ಪಲಿ ಹಾಗೆ. ಅವನು ನನ್ನ ಮುಖ ನೋಡಿದ. "ಇದು ಹಾಲಿಂದ ಆಗಿದ್ದು ಹೌದಲ್ಲೋ?"

ಪ್ರವೇಶದ್ವಾರದ ಹತ್ತಿರ ತಂಡ ಕಟ್ಟಿದ ಕರ್ಲಿ ಲ್ಯಾಂಬೊ, ಕೋಚ್ ವಿನ್ಸ್ ಲೊಂಬಾರ್ಡಿಯವರ ಪ್ರತಿಮೆಗಳಿವೆ. ಲೊಂಬಾರ್ಡಿಗೆ ಮೊದಲೆರಡು ಸೂಪರ್‌ಬೌಲ್ ಗೆಲ್ಲಿಸಿಕೊಟ್ಟ, ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್, 1956ರ ಡ್ರಾಫ್ಟಿನ ಹದಿನೇಳನೇ ಸುತ್ತಿನಲ್ಲಿ, 200ನೆಯವನಾಗಿ ಬಂದವನು. ಅದೇ ತಂಡ 1989ರಲ್ಲಿ ಎರಡನೇ ಸರದಿಯಲ್ಲೇ ಟೋನಿ ಮ್ಯಾಂಡರಿಚ್‌ನನ್ನು ಎತ್ತಿಕೊಂಡಿತು. ಬೆನ್ನಿಗೇ ಹೋದ ಮೂವರು ಬ್ಯಾರಿ ಸ್ಯಾಂಡರ್ಸ್, ಡೆರಿಕ್ ಥಾಮಸ್, ಡಿಯಾನ್ ಸ್ಯಾಂಡರ್ಸ್. ಮೂವರೂ ದಂತಕಥೆಗಳಾದರು, ಮ್ಯಾಂಡರಿಚ್ ತಪ್ಪು ಆಯ್ಕೆಗೆ ಗಾದೆಯಾದ. ಇಷ್ಟೆಲ್ಲ ಗೊತ್ತಿದ್ದೂ ನಾನು ಹಿಂದಿನ ಮೂರು ವಾರ ರಾತ್ರಿ ನಿದ್ದೆಗೆಟ್ಟು ಕಾಲೇಜು ಹುಡುಗರ ವಿಡಿಯೋ ನೋಡಿ ನನ್ನದೇ ಪಟ್ಟಿ ಮಾಡಿಕೊಂಡು ಬಂದಿದ್ದೆ. ಹೆಂಡತಿ ಅದನ್ನು ಕಿರಾಣಿ ಚೀಟಿ ಅಂದುಕೊಂಡು ಎರಡು ಸಲ ತೆಗೆದು ನೋಡಿದ್ದಳು.

ಪಟ್ಟಿಯ ತುದಿಯಲ್ಲಿದ್ದದ್ದು ಒಂದೇ ಬೇಡಿಕೆ: ಎಡ್ಜ್. ಎದುರಾಳಿ ಕ್ವಾರ್ಟರ್‌ಬ್ಯಾಕ್ ಚೆಂಡೆಸೆಯುವ ಮೊದಲೇ ಅಂಚಿನಿಂದ ನುಗ್ಗಿ ಕೆಡವುವವನು. ಹಾಗೆ ಕೆಡವಿದರೆ ಒಂದು ಸ್ಯಾಕ್. ಜನವರಿಯಲ್ಲಿ ಫಿಲಡೆಲ್ಫಿಯಾದವರು ನಮ್ಮನ್ನು 22-10ಕ್ಕೆ ಮನೆಗೆ ಕಳಿಸಿದ್ದರು. ಆ ಸೀಸನ್ ಪೂರ್ತಿ ನಮ್ಮಲ್ಲಿ ಎದುರಾಳಿಗೆ ನಡುಕ ಹುಟ್ಟಿಸುವ ಒಬ್ಬನೇ ಒಬ್ಬ ಎಡ್ಜ್ ಇರಲಿಲ್ಲ ಅನ್ನುವುದು ನನ್ನ ತಕರಾರು. ಜನರಲ್ ಮ್ಯಾನೇಜರ್ ಬ್ರಯಾನ್ ಗುಟೆಕುನ್ಸ್ಟ್ 2023ರಲ್ಲಿ ಮೊದಲ ಸುತ್ತಿನ 13ನೇ ಸರದಿ ಖರ್ಚು ಮಾಡಿ ಲೂಕಸ್ ವ್ಯಾನ್ ನೆಸ್‌ನನ್ನು ತಂದಿದ್ದರು. ಅವನು ಇನ್ನೂ ಮಾಗುತ್ತಲೇ ಇದ್ದ. ನನಗೆ ಬೇಕಿದ್ದದ್ದು ಬಾಸ್ಟನ್ ಕಾಲೇಜಿನ ಡೊನೊವನ್ ಎಜಿರುವಾಕು. ಕೊನೆಯ ಕಾಲೇಜು ಸೀಸನ್ನಿನಲ್ಲಿ ಹದಿನಾರೂವರೆ ಸ್ಯಾಕ್ ಮಾಡಿದ ಹುಡುಗ.

ಸಂಜೆ ಏಳಕ್ಕೆ ಶುರು. ಟೆನೆಸಿ ಕ್ಯಾಮ್ ವಾರ್ಡ್‌ನನ್ನು ತಗೊಂಡಿತು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಎರಡನೆಯದಕ್ಕೆ ಜಾಕ್ಸನ್‌ವಿಲ್‌ನವರು ಸರದಿ ಅದಲು ಬದಲು ಮಾಡಿಕೊಂಡು ಟ್ರಾವಿಸ್ ಹಂಟರ್‌ನನ್ನು ಎತ್ತಿದಾಗ ಜನ ಹೋ ಅಂದರು. ಹತ್ತನೆಯದಕ್ಕೆ ಬೇರ್ಸ್ ಮಿಶಿಗನ್ನಿನ ಕಾಲ್ಸ್ಟನ್ ಲವ್‌ಲ್ಯಾಂಡ್ ಹೆಸರು ಹೇಳಿದರು. ಸುತ್ತಲೂ ಕಿವಿ ಗಡಚಿಕ್ಕುವ ಛೀಮಾರಿ. ಅದರ ನಡುವೆ ಧಾರವಾಡದ ಒಂದೇ ಒಂದು ಶಿಳ್ಳೆ. ಅವನಿಗೆ ಪೆಟ್ಟು ಬೀಳದೆ ಉಳಿದದ್ದು ವಿಸ್ಕಾನ್ಸಿನ್ ಜನರ ದೊಡ್ಡತನ.

ಒಂದೊಂದು ಸರದಿಗೆ ಹತ್ತು ನಿಮಿಷ. ನಮ್ಮದು 23ನೆಯದು. ಏಪ್ರಿಲ್ ಮುಗಿಯುತ್ತಾ ಬಂದರೂ ರಾತ್ರಿಗೆ ಜಾಕೆಟ್ ಸಾಲದ ಚಳಿ. ಗಂಟಲು ಕಟ್ಟುವ ತನಕ "ಗೋ ಪ್ಯಾಕ್ ಗೋ". ಎಜಿರುವಾಕು ಇನ್ನೂ ಉಳಿದಿದ್ದ. ಕಾಲು ತುದಿಯಲ್ಲಿ ನಿಂತೆ. ನಿವೃತ್ತಿಗೆ ಹೊರಟಿದ್ದ ತಂಡದ ಅಧ್ಯಕ್ಷ ಮಾರ್ಕ್ ಮರ್ಫಿ ಬಂದು ಓದಿದರು: ಟೆಕ್ಸಸ್‌ನ ರಿಸೀವರ್ ಮ್ಯಾಥ್ಯೂ ಗೋಲ್ಡನ್.

ಮೈದಾನ ಬಿರಿಯಿತು. 2002ರ ನಂತರ ಪ್ಯಾಕರ್ಸ್ ಮೊದಲ ಸುತ್ತಿನಲ್ಲಿ ರಿಸೀವರ್, ಅಂದರೆ ಎಸೆದ ಚೆಂಡನ್ನು ಓಡಿ ಹಿಡಿಯುವವನನ್ನು, ತಗೊಂಡೇ ಇರಲಿಲ್ಲ. ಹಿಂದಿನ ಕ್ವಾರ್ಟರ್‌ಬ್ಯಾಕ್ ಆ್ಯರನ್ ರಾಜರ್ಸ್ ಕಾಲದಿಂದ ಇದೊಂದನ್ನೇ ಜಪಿಸುತ್ತಿದ್ದ ಊರು. ನನ್ನ ಮುಂದಿದ್ದ ದಪ್ಪ ಮನುಷ್ಯ ತಿರುಗಿ, ಗುರುತು ಪರಿಚಯ ಇಲ್ಲದ ನನ್ನನ್ನು ತಬ್ಬಿಕೊಂಡು ಎತ್ತಿಯೇ ಬಿಟ್ಟ. ಅವನ ಬಿಯರ್ ನನ್ನ ಬೆನ್ನ ಮೇಲೆ ಇಳಿಯುತ್ತಿತ್ತು, ನಾನು ಮನಸ್ಸಿನಲ್ಲಿ ಚೀಟಿ ಹರಿಯುತ್ತಿದ್ದೆ. ಗಾಳಿಯಲ್ಲಿದ್ದಾಗಲೇ ಯೋಚನೆ ಬಂತು: ಹುಡುಗ ಕೆಟ್ಟವನೇನಲ್ಲ. 40 ಗಜವನ್ನು 4.29 ಸೆಕೆಂಡಿನಲ್ಲಿ ಓಡಿದವನು, ಕೊನೆಯ ಸೀಸನ್ನಿನಲ್ಲಿ ಒಂಬತ್ತು ಟಚ್‌ಡೌನ್, ನಮ್ಮ ಲೆಕ್ಕದಲ್ಲಿ ಗೋಲು. ನಮ್ಮ ಕ್ರಿಶ್ಚಿಯನ್ ವಾಟ್ಸನ್ ಜನವರಿಯಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡಿದ್ದ, ವೇಗದ ಕಾಲು ಬೇಕಿದ್ದದ್ದು ನಿಜ. ನೆಲಕ್ಕಿಳಿಯುವ ಹೊತ್ತಿಗೆ ಅರ್ಧ ಒಪ್ಪಿಕೊಂಡಿದ್ದೆ.

ಆ್ಯಪಲ್‌ಟನ್‌ನ ಮೋಟೆಲ್ ತಲುಪಿದಾಗ ಮಧ್ಯರಾತ್ರಿ ಮೀರಿತ್ತು.

ಶುಕ್ರವಾರ ನನ್ನ ಪಾಲಿಗೆ ಶನಿವಾರ. 44ನೇ ಸರದಿಯಲ್ಲಿ ಡಾಲಸ್ ಎಜಿರುವಾಕುವನ್ನು ಹೊತ್ತೊಯ್ದಿತು. 54ಕ್ಕೆ ನಾವು ಆಂಥೊನಿ ಬೆಲ್ಟನ್ ಅನ್ನುವ ಟ್ಯಾಕಲ್, ಅಂದರೆ ನಮ್ಮ ಕ್ವಾರ್ಟರ್‌ಬ್ಯಾಕ್‌ಗೆ ಗೋಡೆಯಾಗಿ ನಿಲ್ಲುವವನನ್ನು, ತಗೊಂಡೆವು. ಆರೂವರೆ ಅಡಿ, ನೂರೈವತ್ತು ಕೆಜಿ ಮೀರಿದ ಆಸಾಮಿ. ಹಿಂದಿನ ವರ್ಷದ ಮೊದಲ ಸುತ್ತಿನಲ್ಲೂ ಇದೇ ಗುಂಪಿಗೆ ಜೋರ್ಡನ್ ಮಾರ್ಗನ್ ಬಂದಿದ್ದ. ಆನೆ ಕಟ್ಟಿದ ಮನೆಗೆ ಇನ್ನೊಂದು ಆನೆ. 87ಕ್ಕೆ ಮತ್ತೆ ರಿಸೀವರ್, ಸೇವಿಯನ್ ವಿಲಿಯಮ್ಸ್. ಆರಡಿ ನಾಲ್ಕಂಗುಲದ ಆಳು, ಕಾಲೇಜಿನಲ್ಲಿ ಚೆಂಡು ಹಿಡಿದದ್ದಕ್ಕಿಂತ ಎತ್ತಿಕೊಂಡು ಓಡಿದ್ದೇ ಚೆಂದವಾಗಿತ್ತು. ಆಟವಾಡಿಸಲು ಮಜಾ ಇರುವ ಹುಡುಗ, ಆದರೆ ಮೂರನೇ ಸುತ್ತಿನಲ್ಲಿ ಮಜಾ ಕೊಳ್ಳುವಷ್ಟು ಮನೆ ತುಂಬಿತ್ತೇ? "ನಿಮ್ಮವ್ರು ಬಾಗಲಕ್ಕ ಚಿಲಕ ಇಲ್ಲಾ ಅಂದ್ರ ಕಿಟಕಿಗೆ ಪರದೆ ತರ್ತಾರ" ಅಂದ ಗೆಳೆಯ. ಎದುರಾಡಲು ಏನೂ ಹೊಳೆಯಲಿಲ್ಲ.

ಶನಿವಾರ ಹೊರಟುಬಿಡೋಣವೆಂದವನು ನಾನು, ಹಟ ಮಾಡಿ ನಿಲ್ಲಿಸಿದವನು ಅವನು. ಗುಂಪು ಕರಗಿತ್ತು, ವೇದಿಕೆಯ ಹತ್ತಿರಕ್ಕೇ ಹೋಗಲು ಸಾಧ್ಯವಾಯಿತು. ಟೆಕ್ಸಸ್‌ನ ಬ್ಯಾರಿನ್ ಸೊರೆಲ್ ಗುರುವಾರವೇ ತನ್ನ ಹೆಸರು ಕರೆದಾರೆಂದು ಗ್ರೀನ್‌ಬೇಗೆ ಬಂದಿದ್ದವನು. ಒಬ್ಬೊಬ್ಬರನ್ನೇ ಕರೆಯುತ್ತಾ ಹೋದರು. ಇವನ ಸರದಿ ಗುರುವಾರ ಬರಲಿಲ್ಲ, ಶುಕ್ರವಾರ ಬರಲಿಲ್ಲ. ಎರಡು ದಿನ ಕ್ಯಾಮೆರಾ ಮುಂದೆ ಹೀಗೆ ಕಾಯುವುದೆಂದರೆ ಹುಡುಗಿ ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು ಎದ್ದು ಹೋದ ಹಾಗೆ. ಅವನು ಊರಿಗೆ ಹೋಗದೆ ಮೂರನೇ ದಿನವೂ ಉಳಿದ. ನಾಲ್ಕನೇ ಸುತ್ತಿನ 124ನೆಯದಕ್ಕೆ ಅವನನ್ನು ಕರೆದದ್ದು ಪ್ಯಾಕರ್ಸ್, ಎಡ್ಜ್ ಆಟಗಾರನಾಗಿ. ಅವನು ವೇದಿಕೆಗೆ ನಡೆದು ಬಂದಾಗ, ಉಳಿದಿದ್ದಷ್ಟು ಜನ ಮೊದಲ ದಿನದ ಎರಡು ಲಕ್ಷಕ್ಕೆ ಕಮ್ಮಿಯಿಲ್ಲದಂತೆ ಕೂಗಿದರು. ಗೆಳೆಯ ಶಿಳ್ಳೆ ಹೊಡೆದ, ಈ ಸಲ ನಮ್ಮವನಿಗೆ. ಸೊರೆಲ್ ಒಂದೇ ಏಟಿಗೆ ಆಟ ತಿರುಗಿಸುವವನಲ್ಲ, ಅವನ ಮೊದಲ ಹೆಜ್ಜೆ ನಿಧಾನ. ಆದರೆ ಬಿಡದೆ ತಳ್ಳುವವನು. ಆ ಕ್ಷಣದಲ್ಲಿ ಇದನ್ನೆಲ್ಲ ತೂಗುವ ಮನಸ್ಸಾಗಲಿಲ್ಲ.

ಉಳಿದ ನಾಲ್ವರ ಹೆಸರು ಕೇಳಿದ್ದು ಅರ್ಧ ಮೈದಾನದಲ್ಲಿ, ಅರ್ಧ ಕಾರಿನ ರೇಡಿಯೋದಲ್ಲಿ: ಇನ್ನೊಬ್ಬ ಎಡ್ಜ್ ಕಾಲಿನ್ ಆಲಿವರ್, ಜಾರ್ಜಿಯಾದ ವಾರನ್ ಬ್ರಿನ್ಸನ್, ಎದುರಾಳಿ ರಿಸೀವರ್‌ಗೆ ಅಂಟಿಕೊಂಡು ತಡೆಯುವ ಕಾರ್ನರ್‌ಬ್ಯಾಕ್ ಮೈಕಾ ರಾಬಿನ್ಸನ್, ಕೊನೆಗೆ ಟ್ಯಾಕಲ್ ಜಾನ್ ವಿಲಿಯಮ್ಸ್. ನಮ್ಮ ಮುಖ್ಯ ಕಾರ್ನರ್‌ಬ್ಯಾಕ್ ಜೈರ್ ಅಲೆಕ್ಸಾಂಡರ್ ಇರುತ್ತಾನೋ ಹೋಗುತ್ತಾನೋ ಗೊತ್ತಿಲ್ಲದ ಹೊತ್ತಿನಲ್ಲಿ ಆ ಜಾಗಕ್ಕೆ ಏಳನೇ ಸುತ್ತಿನ ತನಕ ಕಾದದ್ದು ದುಡುಕಲ್ಲ, ಸೋಮಾರಿತನ ಅನ್ನಿಸಿತು. ಜೂನಿನಲ್ಲಿ ಅಲೆಕ್ಸಾಂಡರ್‌ನನ್ನು ಬಿಟ್ಟೂ ಬಿಟ್ಟರು. ಅಂಗಳದ ಅಜ್ಜಿ ಹೊರಡುವಾಗ ನಮಗೆಷ್ಟು ಅಂಕ ಅಂತ ಕೇಳಿದ್ದಳು. ನೂರಕ್ಕೆ ಅರವತ್ತೆರಡು ಅಂದೆ. ಟ್ಯುಲಿಪ್ ತುಳಿದವನ ಕಡೆ ನೋಡುವ ಹಾಗೆ ನೋಡಿದಳು.

ಆಗಸ್ಟ್ 28ರ ಸಂಜೆ ಫೋನ್ ಒಂದೇ ಸಮ ಬಡಿದುಕೊಳ್ಳತೊಡಗಿತು. ಡಾಲಸ್‌ನಿಂದ ಮೈಕಾ ಪಾರ್ಸನ್ಸ್ ಗ್ರೀನ್‌ಬೇಗೆ! ಈ ಕಾಲದ ಅತ್ಯಂತ ಅಪಾಯಕಾರಿ ಎಡ್ಜ್‌ಗಳಲ್ಲಿ ಒಬ್ಬ. ಬದಲಿಗೆ ಕೊಟ್ಟದ್ದು 2026 ಮತ್ತು 2027ರ ಮೊದಲ ಸುತ್ತಿನ ಸರದಿಗಳು, ಜೊತೆಗೆ ಒಂಬತ್ತು ವರ್ಷ ನಮಗಾಗಿ ಮೈ ಸವೆಸಿದ ಕೆನ್ನಿ ಕ್ಲಾರ್ಕ್. ಕುಣಿದೆ, ಕ್ಲಾರ್ಕ್ ನೆನೆದು ಕೂತೆ, ಮತ್ತೆ ಕುಣಿದೆ. ಏಪ್ರಿಲ್‌ನಲ್ಲಿ ನಾನು ಕೇಳಿದ ಹುಡುಗ ಡಾಲಸ್ ಪಾಲಾದ, ಡಾಲಸ್‌ನ ಹುಲಿ ನಮಗೆ ಬಂತು. ನನ್ನ ಆಕ್ಷೇಪಣೆಯನ್ನು ಗುಟೆಕುನ್ಸ್ಟ್ ನಾಲ್ಕು ತಿಂಗಳು ತಡವಾಗಿ, ಬಡ್ಡಿ ಸಮೇತ ಒಪ್ಪಿಕೊಂಡರು ಅಂತ ಗೆಳೆಯನಿಗೆ ಫೋನ್ ಮಾಡಿ ಹೇಳಿದೆ.

ಅವನು ಪೂರ್ತಿ ಕೇಳಿಸಿಕೊಂಡ. 2026ರ ಡ್ರಾಫ್ಟ್ ಪಿಟ್ಸ್‌ಬರ್ಗ್‌ನಲ್ಲಿ, ಅಲ್ಲಿಗೂ ಕೂಡಿಯೇ ಹೋಗುವುದೆಂದು ಗ್ರೀನ್‌ಬೇಯಿಂದ ವಾಪಸ್ ಬರುವಾಗಲೇ ಮಾತಾಗಿತ್ತು.

"ಹೋಗೂಣಲೇ, ಯಾಕ್ ಬಿಡೂದು" ಅಂದ. "ಅಲ್ಲಿ ವೆಂಕಟೇಶ್ವರನ ಗುಡಿ ಐತೆಲ್ಲಾ, ಗುಡ್ಡದ ಮ್ಯಾಲ. ಗುರುವಾರ ಸಂಜಿಕ ನಿನ್ನ ಅಲ್ಲಿ ಇಳಿಸಿ, ನಾ ಮೊದಲನೇ ಸುತ್ತು ನೋಡಕೊಂಡು ಬರ್ತೇನಿ. ನಿನಗ ಅಲ್ಲಿ ಏನ್ ಕೆಲಸ?"