ಗ್ಲೂಕೋಸ್ ನೀರು ಕುಡಿಸುವ ಮೊದಲು ಕೇಳಬೇಕಾಗಿದ್ದ ಪ್ರಶ್ನೆ

ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರ ಹೆರಿಗೆ ವಿಭಾಗದಲ್ಲಿ ನಾನು 11 ವರ್ಷಗಳಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಗರ್ಭಾವಸ್ಥೆಯ ಮಧುಮೇಹವಿದೆಯೇ ಎಂದು ತಿಳಿಯಲು ಗರ್ಭಿಣಿಯರಿಗೆ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಕುಡಿಸಿ, ಎರಡು ಗಂಟೆಯ ನಂತರ ರಕ್ತ ತೆಗೆಯುವುದು ನನ್ನ ನಿತ್ಯದ ಕೆಲಸ. ಕೆಲವರಿಗೆ ಅದರಿಂದ ವಾಕರಿಕೆ ಬರುವುದು ಹೊಸತೇನಲ್ಲ. ಹಾಗಾಗಿ ಕಳೆದ ವರ್ಷ ನಮ್ಮಲ್ಲಿಗೆ ಮೊದಲ ಬಾರಿ ಬಂದಿದ್ದ ಆರು ತಿಂಗಳ ಗರ್ಭಿಣಿಯೊಬ್ಬರು, ಅದನ್ನು ಕುಡಿದ ಇಪ್ಪತ್ತು ನಿಮಿಷಗಳಲ್ಲಿ ಮೈಯೆಲ್ಲ ಬೆವೆತು, ಎದೆ ಹೊಡೆದುಕೊಳ್ಳುತ್ತಿದೆ, ಹೊಟ್ಟೆ ಹಿಂಡುತ್ತಿದೆ ಎಂದಾಗಲೂ ನಾನು ಅದನ್ನು ಸಾಮಾನ್ಯ ಸುಸ್ತೆಂದೇ ತಿಳಿದೆ. ವೈದ್ಯೆ ಬಂದು ಪರೀಕ್ಷಿಸುವಾಗ ಹೊಟ್ಟೆಯ ಮೇಲೆ ಶಸ್ತ್ರಚಿಕಿತ್ಸೆಯ ಐದು ಸಣ್ಣ ಕಲೆಗಳು ಕಂಡವು.

ಬೆಂಗಳೂರಿನಲ್ಲಿ ಅವರಿಗೆ ತೂಕ ಇಳಿಸುವ ಬೈಪಾಸ್ ಶಸ್ತ್ರಚಿಕಿತ್ಸೆಯಾಗಿತ್ತು. ಹಿಂದೆ ಯಾವುದಾದರೂ ಆಪರೇಷನ್ ಆಗಿದೆಯೇ ಎಂದು ನಾನು ಕೇಳಿದ್ದು ನಿಜ, ಆದರೆ ಕೇಳಿದ್ದು ಅವರ ಅತ್ತೆಯ ಎದುರಿಗೆ. "ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಸಿಸ್ಟರ್, ಹೇಗೆ ಹೇಳಲಿ?" ಎಂದು ಅವರು ಆಮೇಲೆ ಅತ್ತರು.

ಬೈಪಾಸ್ ಆದವರಲ್ಲಿ ಆಹಾರ ಸೇರುವ ಜಠರದ ಭಾಗ ಒಂದು ಪುಟ್ಟ ಚೀಲದಷ್ಟೇ ಇದ್ದು, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸಿರುತ್ತಾರೆ. ಸಕ್ಕರೆಯ ನೀರು ಅಲ್ಲಿ ನಿಲ್ಲದೆ ನೇರವಾಗಿ ಸಣ್ಣ ಕರುಳಿಗೆ ಇಳಿದು, ರಕ್ತದಲ್ಲಿನ ನೀರನ್ನು ಕರುಳಿನೊಳಗೆ ಸೆಳೆದುಕೊಳ್ಳುತ್ತದೆ. ನಂತರ ಇನ್ಸುಲಿನ್ ಒಮ್ಮೆಲೇ ಏರಿ, ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಲೂಬಹುದು. ಇಂಥವರಿಗೆ ಈ ಪರೀಕ್ಷೆಯ ಬದಲು, 24ರಿಂದ 28ನೆಯ ವಾರದ ನಡುವೆ ಸುಮಾರು ಒಂದು ವಾರ ಮನೆಯಲ್ಲೇ ಬೆರಳ ತುದಿಯ ರಕ್ತದಿಂದ ಸಕ್ಕರೆ ನೋಡಿಕೊಳ್ಳಲು ಹೇಳುತ್ತಾರೆ.

ಶಸ್ತ್ರಚಿಕಿತ್ಸೆಯೇ ತಪ್ಪೆಂದು ಇದನ್ನು ಬರೆಯುತ್ತಿಲ್ಲ. 2015ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಗರ್ಭಿಣಿಯಾದವರನ್ನು, ಅವರ ಮೊದಲಿನಷ್ಟೇ ತೂಕವಿದ್ದು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದವರ ಜೊತೆ ಹೋಲಿಸಿದಾಗ, ಗರ್ಭಾವಸ್ಥೆಯ ಮಧುಮೇಹ ಶೇ. 6.8ರ ಬದಲು ಶೇ. 1.9ರಷ್ಟಿತ್ತು, ಅತಿ ದೊಡ್ಡ ಮಗು ಹುಟ್ಟುವುದು ಶೇ. 22.4ರಿಂದ ಶೇ. 8.6ಕ್ಕೆ ಇಳಿದಿತ್ತು. ಆದರೆ ಗರ್ಭದ ವಾರಗಳಿಗೆ ತಕ್ಕಷ್ಟು ಬೆಳೆಯದ ಸಣ್ಣ ಮಕ್ಕಳು ಶೇ. 7.6ರ ಬದಲು ಶೇ. 15.6 ಇದ್ದರು. ತಾಯಿಗೆ ಸಿಕ್ಕ ಲಾಭದ ಒಂದು ಪಾಲನ್ನು ಮಗು ತೆರುತ್ತದೆಯೇನೋ ಎಂದು ನನಗೆ ಅನ್ನಿಸುವುದು ಇಲ್ಲಿಯೇ. ತೂಕ ವೇಗವಾಗಿ ಇಳಿಯುವ ಮೊದಲ 12ರಿಂದ 18 ತಿಂಗಳು ಗರ್ಭ ಧರಿಸಬೇಡಿ ಎಂದು ವೈದ್ಯರು ಹೇಳುವುದೂ ಇದಕ್ಕಾಗಿಯೇ. ನಮ್ಮಲ್ಲಿಗೆ ಬಂದಿದ್ದ ಈಕೆಗೆ ಶಸ್ತ್ರಚಿಕಿತ್ಸೆಯಾದ ಏಳನೆಯ ತಿಂಗಳಿಗೇ ಗರ್ಭ ನಿಂತಿತ್ತು. ತೂಕ ಇಳಿದಂತೆ ಮುಟ್ಟು ಸರಿಹೋಗಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಬೈಪಾಸ್ ನಂತರ ಗರ್ಭನಿರೋಧಕ ಮಾತ್ರೆಯನ್ನು ನೆಚ್ಚುವಂತಿಲ್ಲ ಎಂಬುದನ್ನು ತನಗೆ ಯಾರೂ ಬಿಡಿಸಿ ಹೇಳಿರಲಿಲ್ಲ ಎಂದರು.

ಬೈಪಾಸ್ ನಂತರ ದೇಹ ಪೋಷಕಾಂಶಗಳನ್ನು ಪೂರ್ತಿ ಹೀರಿಕೊಳ್ಳದ ಕಾರಣ, ಎಲ್ಲರಿಗೂ ಕೊಡುವ ಕಬ್ಬಿಣದ ಮಾತ್ರೆಯಷ್ಟೇ ಇವರಿಗೆ ಸಾಲುವುದಿಲ್ಲ. ಮನೆಯವರು ಶುದ್ಧ ಸಸ್ಯಾಹಾರಿಗಳಾದ್ದರಿಂದ ಬಿ12 ಮೊದಲೇ ಕಡಿಮೆಯಿತ್ತು. ಅದಕ್ಕೆ ಇಂಜೆಕ್ಷನ್ ಶುರುವಾಯಿತು, ಕ್ಯಾಲ್ಸಿಯಂ ಅನ್ನು ಸುಲಭವಾಗಿ ಹೀರಲ್ಪಡುವ ಸಿಟ್ರೇಟ್ ರೂಪಕ್ಕೆ ಬದಲಿಸಿದರು. ಸೀಮಂತದ ದಿನ ಹೋಳಿಗೆ ತಿನ್ನಿಸಿಯೇ ತೀರುತ್ತೇವೆಂದು ಬಂಧುಗಳು ಹಿಡಿದ ಹಟಕ್ಕೆ ಮಾತ್ರ ನಮ್ಮಲ್ಲಿ ಔಷಧವಿರಲಿಲ್ಲ. ವೈದ್ಯರು ಸಿಹಿ ಬೇಡವೆಂದಿದ್ದಾರೆ ಎಂದು ಹೇಳಿ ಪಾರಾದರಂತೆ. ಅವರಿಗೆ ನಾನು ಒತ್ತಿ ಹೇಳಿದ್ದು ಹೊಟ್ಟೆನೋವಿನ ಬಗ್ಗೆ. ಬೈಪಾಸ್ ಆದವರಲ್ಲಿ ಬೆಳೆಯುವ ಗರ್ಭಕೋಶದ ಒತ್ತಡಕ್ಕೆ ಕರುಳು ಒಳಗಿನ ಸಂದಿಯಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಅದನ್ನು ಗ್ಯಾಸ್ ಎಂದೋ ಸುಳ್ಳು ನೋವೆಂದೋ ಭಾವಿಸಿ ಮನೆಯಲ್ಲಿ ಕುಳಿತರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ.

38ನೆಯ ವಾರದಲ್ಲಿ ಅವರಿಗೆ ಸಹಜ ಹೆರಿಗೆಯಾಯಿತು. ಮಗುವಿನ ತೂಕ 2 ಕಿಲೋ 400 ಗ್ರಾಂ ಇತ್ತು. ಈಗ ನಾನು ತೂಕ ನೋಡುವ ನೆಪದಲ್ಲಿ ಗರ್ಭಿಣಿಯನ್ನು ಒಬ್ಬರನ್ನೇ ಒಳಗೆ ಕರೆದು, "ಆಪರೇಷನ್ ಆಗಿದೆಯೇ" ಎಂದು ಕೇಳುವ ಮೊದಲು, "ನಿಮ್ಮ ತೂಕ ಅತಿ ಹೆಚ್ಚು ಎಂದರೆ ಎಷ್ಟಿತ್ತು, ಹೇಗೆ ಇಳಿಯಿತು?" ಎಂದು ಕೇಳುತ್ತೇನೆ.