ಶನಿವಾರದ ಕೊನೆಯ ಅವಧಿ ಮತ್ತು ರಿಚರ್ಡ್ ಜೆಫರೀಸ್

ನಾನು ಈ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಗ ನಮ್ಮ ಇಂಗ್ಲಿಷ್ ಅಧ್ಯಾಪಕರು ಶನಿವಾರದ ಕೊನೆಯ ಅವಧಿಯನ್ನು ಪಠ್ಯದಲ್ಲಿಲ್ಲದ ಒಬ್ಬ ಲೇಖಕನಿಗೆ ಮೀಸಲಿಟ್ಟಿದ್ದರು. ಇಂಗ್ಲೆಂಡಿನ ವಿಲ್ಟ್‌ಷೈರ್ ಸೀಮೆಯಲ್ಲಿ, ಸ್ವಿಂಡನ್ ಬಳಿಯ ಕೋಟ್ ಎಂಬ ಹಳ್ಳಿಯ ಸಣ್ಣ ರೈತನ ಮನೆಯಲ್ಲಿ 1848ರಲ್ಲಿ ಹುಟ್ಟಿದ ರಿಚರ್ಡ್ ಜೆಫರೀಸ್, 1887ರ ಆಗಸ್ಟ್‌ನಲ್ಲಿ ಸಸೆಕ್ಸ್ ಕಡಲತೀರದ ಗೋರಿಂಗ್‌ನಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ 39 ತುಂಬಿರಲಿಲ್ಲ.

ನಮ್ಮಲ್ಲಿ ಬಹುಪಾಲು ಮಂದಿ ಗದ್ದೆಯ ಕೆಸರಿನಿಂದ ನೇರವಾಗಿ ಹಾಸ್ಟೆಲಿಗೆ ಬಂದವರಾದ್ದರಿಂದ, ಹಳ್ಳಿಯನ್ನು ಹೊಗಳುವ ಬರಹಗಾರರೆಂದರೆ ನಮಗೆ ಒಳಗೊಳಗೇ ನಗು. ಜೆಫರೀಸನಿಗೆ ಹೆಸರು ತಂದ ‘ದಿ ಗೇಮ್‌ಕೀಪರ್ ಅಟ್ ಹೋಮ್’ 1878ರಲ್ಲಿ ಬಂದಾಗ ಅವನು ಲಂಡನ್ನಿನ ಮಗ್ಗುಲಿನ ಸರ್ಬಿಟನ್‌ನಲ್ಲಿ ವಾಸವಾಗಿದ್ದನೆಂದು ತಿಳಿದಮೇಲಂತೂ ನಮ್ಮ ಅನುಮಾನ ಗಟ್ಟಿಯಾಯಿತು. ಅಧ್ಯಾಪಕರು ಅದಕ್ಕೆ ಅಡ್ಡಿ ಮಾಡಲಿಲ್ಲ. ಬದಲಿಗೆ 1872ರಲ್ಲಿ ಅವನು ‘ದಿ ಟೈಮ್ಸ್’ ಪತ್ರಿಕೆಗೆ ಬರೆದ ಪತ್ರಗಳ ಮಾತೆತ್ತಿದರು. ವಿಲ್ಟ್‌ಷೈರಿನ ಕೃಷಿ ಕೂಲಿಗಳನ್ನು ಕುರಿತ ಆ ಪತ್ರಗಳಲ್ಲಿ ಕೇಳುವುದು ಜಮೀನು ಉಳ್ಳವರ ದನಿ. ಈಗ ಓದಿದರೂ ನನಗೆ ಅವು ಹಿಡಿಸುವುದಿಲ್ಲ.

ಆದರೆ 1885ರ ‘ದಿ ಓಪನ್ ಏರ್’ ಸಂಕಲನದಲ್ಲಿ ರೋಜರ್ ಎಂಬ ಕೂಲಿಯಾಳಿನ ಮೇಲೆ ಒಂದು ಪ್ರಬಂಧವಿದೆ. ಸುಗ್ಗಿಯ ಉರಿಬಿಸಿಲಿನಲ್ಲಿ ಗೋಧಿ ಕೊಯ್ಯುವ ರೋಜರನ ಸುತ್ತ ತೆನೆಯ ಬಣ್ಣವನ್ನೂ ಹೊಲದ ಹೂಗಳನ್ನೂ ಮನದಣಿಯೆ ವರ್ಣಿಸಿದ ಜೆಫರೀಸ್, ಆ ಚೆಲುವಿನಲ್ಲಿ ಕೊಯ್ಯುವವನಿಗೆ ಪಾಲಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. 1887ರ ‘ಅಮರಿಲಿಸ್ ಅಟ್ ದಿ ಫೇರ್’ ಕಾದಂಬರಿಯ ಆರಂಭದಲ್ಲಿಯೂ ಹಾಗೆಯೇ: ಮಾರ್ಚ್ ತಿಂಗಳ ಕೊರೆಯುವ ಗಾಳಿಯಲ್ಲಿ ಮಗಳು ವರ್ಷದ ಮೊದಲ ಡ್ಯಾಫೊಡಿಲ್ ಹೂವನ್ನು ಕಂಡು ಅಪ್ಪನನ್ನು ಕೂಗುತ್ತಾಳೆ, ಅಪ್ಪನೋ ಆಲೂಗಡ್ಡೆ ನೆಡುವುದರಲ್ಲಿ ಮುಳುಗಿದ್ದಾನೆ. ಆ ಪಾತ್ರಕ್ಕೆ ಮಾದರಿ ಜೆಫರೀಸನ ಸ್ವಂತ ತಂದೆ. ಸುಮಾರು 40 ಎಕರೆಯ ಕೋಟ್ ಜಮೀನು ಕೈಬಿಟ್ಟ ಮೇಲೆ ಅವರು ಬಾತ್ ನಗರದಲ್ಲಿ ಕಂಡವರ ತೋಟದ ಕೆಲಸ ಮಾಡಿ ಬದುಕಿದರು. ನಾಟಿಯ ದಿನಗಳಲ್ಲಿ ಕರೆದರೂ ತಲೆಯೆತ್ತದ ನನ್ನ ತಂದೆಯ ಬೆನ್ನು ಆ ಪುಟದಲ್ಲಿ ನನಗೆ ಕಂಡಿತು, ನಗು ಅಲ್ಲಿಗೆ ನಿಂತಿತು.

ಕೊನೆಗಾಲದಲ್ಲಿ ಲೇಖನಿ ಹಿಡಿಯಲಾರದೆ, ತಾನು ಹೇಳಿ ಹೆಂಡತಿಯ ಕೈಯಲ್ಲಿ ಬರೆಸಿದ ‘ಅವರ್ಸ್ ಆಫ್ ಸ್ಪ್ರಿಂಗ್’ ಪ್ರಬಂಧವನ್ನು ಅಧ್ಯಾಪಕರು ಎರಡು ಶನಿವಾರ ಓದಿದರು. ಕಿಟಕಿಯ ಒಳಗೆ ಸೆರೆಯಾದ ರೋಗಿಗೆ, ತಾನು ಹೋಗಿ ನೋಡಿ ಗುರುತು ಹಾಕಿಕೊಳ್ಳದಿದ್ದರೂ ಚಿಗುರು, ಹಕ್ಕಿ, ಹೂವುಗಳೆಲ್ಲ ತಮ್ಮ ಪಾಡಿಗೆ ವಸಂತವನ್ನು ನಡೆಸಿಕೊಂಡು ಹೋಗುತ್ತಿವೆಯಲ್ಲ ಎಂಬ ಸಂಕಟ. ಎರಡನೆಯ ಶನಿವಾರವೂ ಓದು ಮುಗಿಯುವ ಮೊದಲೇ ಗಂಟೆ ಹೊಡೆಯಿತು; ಊರಿನ ಬಸ್ಸು ತಪ್ಪಿದರೆ ತಪ್ಪಲಿ ಎಂದು ನಾವು ಆರೇಳು ಮಂದಿ ಬೆಂಚಿನಲ್ಲೇ ಕುಳಿತೆವು.