ಕುಕ್ಕರಹಳ್ಳಿ ಕೆರೆಯ ಭಾನುವಾರದ ಗುಂಪು: ಆಗಸ್ಟ್‌ನಿಂದ ಜನವರಿವರೆಗೆ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಭಾನುವಾರ ಬೆಳಿಗ್ಗೆ ಹಕ್ಕಿ ನೋಡುವ ಗುಂಪು ನಮ್ಮದು. ಈ ಸಲ ಹೊಸ ಹಕ್ಕಿ ಹುಡುಕುವುದಕ್ಕಿಂತ ಬೇರೆ ಒಂದು ಕೆಲಸ ಹಿಡಿದುಕೊಂಡಿದ್ದೇವೆ. ಬಂದ ಹೊಸಬರು ಉಳಿಯಬೇಕು, ಉಳಿದವರು ನಿಜವಾಗಿ ಕಲಿಯಬೇಕು. ಮೊದಲೆಲ್ಲ ಎರಡು ಮೂರು ವಾರ ಬಂದು ಆಮೇಲೆ ಮುಖ ತೋರಿಸದವರೇ ಜಾಸ್ತಿ. ಯಾಕೆ ಬರಲ್ಲ ಅಂತ ಕೆಲವರನ್ನು ಕೇಳಿದೆ. "ಅಲ್ಲಿ ಎಲ್ಲರಿಗೂ ಎಲ್ಲ ಗೊತ್ತು, ನಾವು ಸುಮ್ನೆ ಹಿಂದೆ ನಡೆಯೋದು" ಅಂದರು. ಗುಂಪಿನಲ್ಲಿ ಗೊತ್ತಿರುವವರು ಬೇಕಾದಷ್ಟಿದ್ದರು. ಅವರಿಗೆ ಗೊತ್ತಿರುವುದು ಪಕ್ಕದವರಿಗೆ ದಾಟುತ್ತಿರಲಿಲ್ಲ. ಅದಕ್ಕೆ ಏನೇನು ಮಾಡಿ ನೋಡಿದೆವು ಅಂತ ಇಲ್ಲಿ ಬರೆದಿಡುತ್ತಿದ್ದೇನೆ.

ಆಗಸ್ಟ್, ಸೆಪ್ಟೆಂಬರ್

ಮೊದಲು ಬದಲಾಯಿಸಿದ್ದು ಹೆಸರು ಹೇಳುವ ಹೊತ್ತನ್ನು. ಹಕ್ಕಿ ಕಂಡ ಕೂಡಲೇ ಗೊತ್ತಿದ್ದವರು ಹೆಸರು ಹೇಳುವುದು, ಉಳಿದವರು ಬರೆದುಕೊಂಡು ಮುಂದೆ ನಡೆಯುವುದು, ಹೀಗೆ ಸಾಗುತ್ತಿತ್ತು. ಈಗ ಹೆಸರು ಕೊನೆಗೆ. ಮೊದಲು ಕಂಡದ್ದನ್ನು ಹೇಳಬೇಕು: ಎಷ್ಟು ದೊಡ್ಡದು, ಕೊಕ್ಕು ಹೇಗಿದೆ, ಕಾಲು ಯಾವ ಬಣ್ಣ, ಏನು ಮಾಡುತ್ತಿದೆ. ಗುಂಪಿಗೆ ತೀರಾ ಹೊಸಬರು ಯಾರೋ ಅವರು ಮೊದಲು ಮಾತಾಡಬೇಕು, ಹಳಬರು ಕೊನೆಗೆ. ಈ ಸರದಿ ಬಹಳ ಮುಖ್ಯ. ಹಿರಿಯರ ಬಾಯಿಂದ ಹೆಸರು ಬಿತ್ತು ಅಂದರೆ ಮುಗಿಯಿತು, ಉಳಿದವರ ಕಣ್ಣು ಅಲ್ಲಿಗೇ ನಿಂತುಬಿಡುತ್ತದೆ.

ಬೆಳ್ಳಕ್ಕಿಗಳು ಇದಕ್ಕೆ ಒಳ್ಳೆಯ ಪಾಠ. ದೂರಕ್ಕೆ ಎಲ್ಲ ಬಿಳಿ, ಎಲ್ಲ ಒಂದೇ. ಹತ್ತಿರದಿಂದ ನೋಡಿದರೆ ಚಿಕ್ಕ ಬೆಳ್ಳಕ್ಕಿಗೆ ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಬೆರಳು. ಮಧ್ಯಮ ಬೆಳ್ಳಕ್ಕಿಗೂ ದೊಡ್ಡ ಬೆಳ್ಳಕ್ಕಿಗೂ ಈ ಕಾಲದಲ್ಲಿ ಕೊಕ್ಕು ಹಳದಿಯೇ. ಅವುಗಳನ್ನು ಬೇರೆ ಮಾಡಲು ಬಾಯಿಯ ಸೀಳು ನೋಡಬೇಕು. ಮಧ್ಯಮದ್ದರಲ್ಲಿ ಅದು ಕಣ್ಣಿನ ಕೆಳಗೇ ನಿಲ್ಲುತ್ತದೆ, ದೊಡ್ಡದರಲ್ಲಿ ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ. ಮೊದಲ ಸಲ ಬಂದಿದ್ದ ಪಿಯುಸಿ ಹುಡುಗಿಯೊಬ್ಬಳು, "ಅದು ಕಾಲೆತ್ತಿದಾಗ ಪಾದ ಮಾತ್ರ ಹಳದಿ ಕಾಣ್ತು, ಸಾಕ್ಸ್ ಹಾಕಿದ ಹಾಗೆ" ಅಂದಳು. ಅವಳಿಗೆ ಹಕ್ಕಿಯ ಹೆಸರು ಗೊತ್ತಿರಲಿಲ್ಲ. ಆದರೆ ಹೆಸರು ಹಿಡಿಯಲು ಬೇಕಾದ ಗುರುತನ್ನು ಹೇಳಿದ್ದು ಅವಳೇ. ಅವಳು ಅವತ್ತಿನಿಂದ ತಪ್ಪದೆ ಬರುತ್ತಿದ್ದಾಳೆ, ತಮ್ಮನನ್ನೂ ಕರೆತರುತ್ತಾಳೆ.

ಇದರ ಜೊತೆಗೆ ಇನ್ನೊಂದು ರೂಢಿ ಬಂತು. "ಏನು ನೋಡಿ ಹಾಗೆ ಹೇಳಿದಿರಿ?" ಅಂತ ಎಲ್ಲರನ್ನೂ ಕೇಳುವುದು. ಸರಿಯಾಗಿ ಹೇಳಿದವರನ್ನೂ ಕೇಳಬೇಕು, ಹಿರಿಯರನ್ನೂ ಬಿಡಬಾರದು. ತಪ್ಪಿದಾಗ ಮಾತ್ರ ಕೇಳಿದರೆ ಆ ಪ್ರಶ್ನೆ ಬೈಗುಳದ ಹಾಗೆ ಕೇಳಿಸುತ್ತದೆ ಅಲ್ವಾ? ಎಲ್ಲರಿಗೂ ಕೇಳಿದರೆ ಅದು ಬರೀ ಪ್ರಶ್ನೆ. ನಮ್ಮ ನಿವೃತ್ತ ಲೆಕ್ಕದ ಮೇಷ್ಟ್ರಿಗೆ ಇದು ತುಂಬ ಹಿಡಿಸಿತು. "ಉತ್ತರ ಸರಿ ಇದ್ರೂ ಸ್ಟೆಪ್ಸ್ ಇಲ್ಲದಿದ್ರೆ ನಾನು ಪೂರ್ತಿ ಮಾರ್ಕ್ಸ್ ಕೊಡ್ತಾ ಇರಲಿಲ್ಲ" ಅಂದರು.

ಅಕ್ಟೋಬರ್

ವಲಸೆ ಬಂದ ಉಲಿಯಕ್ಕಿಗಳ ತಿಂಗಳು. ಎಲೆಗಳ ನಡುವೆ ಹಸಿರು ಮಿಶ್ರಿತ ಕಂದು ಬಣ್ಣದ ಪುಟ್ಟ ಹಕ್ಕಿ, ಒಂದು ಕ್ಷಣ ಕೂರುವುದಿಲ್ಲ. ಎಷ್ಟೋ ವರ್ಷದ ಅನುಭವಿಗಳಿಗೂ ಇವು ಕಷ್ಟ. ನಮ್ಮಲ್ಲಿ ಎಲ್ಲರಿಗಿಂತ ಹಳಬರಾದ ಒಬ್ಬರು ಬಹಳ ಹೊತ್ತು ದುರ್ಬೀನು ಹಿಡಿದು ನೋಡಿ, "ನಂಗೂ ಗೊತ್ತಾಗ್ಲಿಲ್ಲ. ಉಲಿಯಕ್ಕಿ ಅಂತಷ್ಟೇ ಬರೀರಿ" ಅಂದರು. ಇಡೀ ಚಳಿಗಾಲದಲ್ಲಿ ಗುಂಪಿಗೆ ಅತಿ ಹೆಚ್ಚು ಉಪಯೋಗ ಆದದ್ದು ಆ ಮಾತಿನಿಂದ ಅಂತ ನನ್ನ ನಂಬಿಕೆ. ಅದಾದ ಮೇಲೆ ಹೊಸಬರೂ ಧೈರ್ಯವಾಗಿ "ಗೊತ್ತಿಲ್ಲ" ಅನ್ನತೊಡಗಿದರು.

ಕಂಡ ಹಕ್ಕಿಗಳ ಪಟ್ಟಿಯನ್ನು ನಾವು ಹಾಕುವುದು ಇ-ಬರ್ಡ್ ಅನ್ನುವ ಜಾಲತಾಣದಲ್ಲಿ. 2002ರಲ್ಲಿ ಅಮೆರಿಕದ ಎರಡು ಪಕ್ಷಿ ಸಂಸ್ಥೆಗಳು, ಕಾರ್ನೆಲ್ ಲ್ಯಾಬ್ ಮತ್ತು ಆಡುಬಾನ್, ಸೇರಿ ಶುರು ಮಾಡಿದ ವ್ಯವಸ್ಥೆ ಅದು. ಅದರಲ್ಲಿ ಅನುಮಾನಕ್ಕೂ ಜಾಗ ಇದೆ. ಇಂಥ ಗುಂಪಿನ ಹಕ್ಕಿ, ಜಾತಿ ಗೊತ್ತಿಲ್ಲ ಅಂತ ಬರೆಯಬಹುದು. ಇದು ಅಥವಾ ಅದು, ಎರಡರಲ್ಲಿ ಒಂದು ಅಂತಲೂ ಬರೆಯಬಹುದು. ಹೀಗೆ ಬರೆದದ್ದನ್ನು ಯಾರೂ ಕೀಳಾಗಿ ನೋಡುವುದಿಲ್ಲ. ಊಹೆ ಮಾಡಿ ಬರೆದ ಹೆಸರಿಗಿಂತ ಇದು ಎಷ್ಟೋ ಮೇಲು. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿ 942 ಜಾತಿಗಳನ್ನು ಪರಿಶೀಲಿಸಿತು. ಅದಕ್ಕೆ ಆಧಾರವಾದದ್ದು ನಮ್ಮಂಥ 30,000ಕ್ಕೂ ಹೆಚ್ಚು ಹವ್ಯಾಸಿಗಳು ಹಾಕಿದ 3 ಕೋಟಿಯಷ್ಟು ದಾಖಲೆಗಳು. ನಾವು ಏರಿಯ ಮೇಲೆ ನಿಂತು ಬರೆಯುವ ಸಾಲು ಅಲ್ಲಿಗೆ ಹೋಗಿ ಸೇರುತ್ತದೆ. ಇದನ್ನು ಹೊಸಬರಿಗೆ ಮೊದಲ ದಿನವೇ ಹೇಳುತ್ತೇವೆ.

ಮರ್ಲಿನ್ ಆ್ಯಪ್ ಬಗ್ಗೆ ಸ್ವಲ್ಪ ಚರ್ಚೆ ಆಯಿತು. ಕೂಗು ಕೇಳಿ ಅದು ಹೆಸರು ಸೂಚಿಸುತ್ತದೆ. ಬಳಸಬಹುದು ಅಂತ ತೀರ್ಮಾನಿಸಿದೆವು. ಆದರೆ ನಮ್ಮಲ್ಲೊಬ್ಬರ ಕಣ್ಣಿಗೋ ಕಿವಿಗೋ ಖಾತ್ರಿ ಆಗುವವರೆಗೆ ಪಟ್ಟಿಗೆ ಸೇರುವುದಿಲ್ಲ.

ನವೆಂಬರ್

ಗುಂಪಿನಲ್ಲಿ ಒಬ್ಬರು ಆಪರೇಷನ್ ಥಿಯೇಟರ್ ನರ್ಸ್ ಇದ್ದಾರೆ. ಅವರು ತಮ್ಮ ಕೆಲಸದಿಂದ ಒಂದು ವಿಷಯ ತಂದರು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ 19 ಅಂಶಗಳ ಒಂದು ಪಟ್ಟಿ ಹೊರತಂದಿತು. ಚಾಕು ಇಡುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಿ ಪರಿಚಯ ಮಾಡಿಕೊಂಡಿದ್ದಾರಾ ಅಂತ ಖಚಿತ ಮಾಡಿಕೊಳ್ಳುವುದು ಅದರಲ್ಲಿ ಒಂದು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಈ ಪಟ್ಟಿ ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದಿತ್ತು. "ಒಂದ್ಸಲ ಬಾಯಿ ಬಿಟ್ಟು ಹೆಸರು ಹೇಳಿದೋರು ಆಮೇಲೆ ಏನಾದ್ರೂ ಸರಿ ಇಲ್ಲ ಅನ್ನಿಸಿದ್ರೆ ಹೇಳೋಕೆ ಹಿಂಜರಿಯೋದು ಕಮ್ಮಿ" ಅಂದರು ಅವರು.

ಈಗ ನಡಿಗೆಗೆ ಮೊದಲು ಗೇಟಿನ ಹತ್ತಿರ ವೃತ್ತವಾಗಿ ನಿಲ್ಲುತ್ತೇವೆ. ಪ್ರತಿಯೊಬ್ಬರೂ ಹೆಸರು ಹೇಳಿ, ತಮಗೆ ಇನ್ನೂ ಗೊಂದಲ ಇರುವ ಒಂದು ಹಕ್ಕಿಯನ್ನು ಹೇಳಬೇಕು. ಹಿರಿಯರಿಂದಲೇ ಶುರು. ಮಾತಾಡುವುದರಲ್ಲಿ ಹೊಸಬರು ಮುಂದೆ, ಗೊಂದಲ ಒಪ್ಪುವುದರಲ್ಲಿ ಹಳಬರು ಮುಂದೆ. ಈ ಸುತ್ತಿಗೆ ಹತ್ತು ನಿಮಿಷ ಹಿಡಿಯುತ್ತದೆ, ಬೆಳಗಿನ ಒಳ್ಳೆಯ ಬೆಳಕು ಸ್ವಲ್ಪ ಹೋಗುತ್ತದೆ ಅಂತ ಕೆಲವರ ಬೇಸರ. ಹೋಗಲಿ, ನನ್ನ ಮಟ್ಟಿಗೆ ಅದು ಸರಿಯಾದ ಬೆಲೆ.

ಡಿಸೆಂಬರ್

ಜಾಸ್ತಿ ಜಾತಿ ನೋಡಿದವರಿಗೆ ಬಹುಮಾನ ಇಟ್ಟು ನೋಡಿದೆವು. ಅನುಮಾನದ ಹಕ್ಕಿಗಳೆಲ್ಲ ಏಕಾಏಕಿ ಖಚಿತವಾಗತೊಡಗಿದವು. ಕೂಡಲೇ ನಿಲ್ಲಿಸಿದೆವು.

ಜನವರಿ

ಕಾಲೇಜಿನ ಹುಡುಗನೊಬ್ಬ ದೊಡ್ಡ ನೀರುಕಾಗೆಗಳ ಸಂಖ್ಯೆ ಜಾಸ್ತಿ ಹಾಕಿದ್ದ. ಇ-ಬರ್ಡ್‌ನ ಸ್ವಯಂಸೇವಕ ಪರಿಶೀಲಕರಿಂದ ಮೇಲ್ ಬಂತು: ಫೋಟೋ ಇದೆಯಾ, ವಿವರ ಕೊಡುತ್ತೀರಾ? ಹುಡುಗ ಹೆದರಿಬಿಟ್ಟಿದ್ದ. ಆ ಪ್ರಶ್ನೆ ಹೇಗೆ ಹುಟ್ಟುತ್ತದೆ ಅಂತ ಅವನ ಜೊತೆ ಕೂತು ವಿವರಿಸಿದೆವು. ಪ್ರತಿ ಪ್ರದೇಶಕ್ಕೆ, ವರ್ಷದ ಆಯಾ ಸಮಯಕ್ಕೆ ಇಷ್ಟು ಹಕ್ಕಿ ಸಹಜ ಅಂತ ಒಂದು ಮಿತಿ ಇಟ್ಟಿರುತ್ತಾರೆ. ಅದನ್ನು ದಾಟಿದ ಯಾರ ದಾಖಲೆಯನ್ನಾದರೂ, ದೊಡ್ಡ ತಜ್ಞರದ್ದಾದರೂ, ಕೇಳುತ್ತಾರೆ. ಆಮೇಲೆ ಎಲ್ಲ ಸೇರಿ ಅವನ ಫೋಟೋಗಳನ್ನು ಹಿಗ್ಗಿಸಿ ನೋಡಿದೆವು. ಕೆಲವದ್ದು ದಪ್ಪ ಕೊಕ್ಕು, ಬಹುಪಾಲಿನದ್ದು ಉದ್ದ ತೆಳು ಕೊಕ್ಕು, ಅಂದರೆ ಭಾರತೀಯ ನೀರುಕಾಗೆ. ಅವನೇ ತಿದ್ದಿದ, ಮುಂದಿನ ಭಾನುವಾರ ಅದನ್ನು ಎಲ್ಲರಿಗೂ ತೋರಿಸಿ ವಿವರಿಸಿದ. ಆ ವಾರ ಇನ್ನೂ ಕೆಲವರು, ಹಳಬರೂ ಸೇರಿ, ತಮ್ಮ ಹಳೆಯ ಪಟ್ಟಿ ತೆಗೆದು ನೀರುಕಾಗೆಗಳನ್ನು ಮರುಪರಿಶೀಲನೆ ಮಾಡಿದರು. ನನಗೆ ತುಂಬ ಖುಷಿ ಕೊಟ್ಟ ವಾರ ಅದು.

ಇನ್ನೂ ದಾರಿ ಕಾಣದ್ದು ವಾಟ್ಸಾಪ್. ಯಾರಾದರೂ ಫೋಟೋ ಹಾಕಿದರೆ ನಿಮಿಷದೊಳಗೆ ಹೆಸರು ಬಂದುಬಿಡುತ್ತದೆ, ಕಲಿಕೆ ಅಲ್ಲೇ ಮುಗಿಯುತ್ತದೆ. ಸಂಜೆಯವರೆಗೆ ಹೆಸರು ಹೇಳುವಂತಿಲ್ಲ, ಗುರುತು ಮಾತ್ರ ಹೇಳಬಹುದು ಅಂತ ನಿಯಮ ಮಾಡಿದೆವು. ಅರ್ಧ ಜನ ಪಾಲಿಸುತ್ತಾರೆ. ದೊಡ್ಡ ಲೆನ್ಸ್ ಇರುವವರ ಮಾತಿಗೇ ತೂಕ ಹೆಚ್ಚುವುದೂ ಪೂರ್ತಿ ಹೋಗಿಲ್ಲ.

ಫೆಬ್ರವರಿಯಲ್ಲಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನುವ ನಾಲ್ಕು ದಿನದ ಹಕ್ಕಿ ಎಣಿಕೆ ಇದೆ. ಕನಿಷ್ಠ 15 ನಿಮಿಷ ಎಣಿಸಿದರೂ ಸಾಕು. ಈ ಸಲ ಚಿಕ್ಕ ಚಿಕ್ಕ ತಂಡ ಮಾಡಿ, ಆಗಸ್ಟ್ ನಂತರ ಸೇರಿದವರ ಕೈಗೇ ಪಟ್ಟಿ ಕೊಡುತ್ತೇವೆ. ಹಳಬರು ಜೊತೆಗಿರುತ್ತಾರೆ, ಕೇಳಿದರೆ ಮಾತ್ರ ಬಾಯಿ ಬಿಡುತ್ತಾರೆ. ದುರ್ಬೀನು ಕಡಿಮೆ ಬೀಳುತ್ತದೆ. ಮನೆಯಲ್ಲಿ ಹೆಚ್ಚಿಗೆ ಇದ್ದವರು ದಯವಿಟ್ಟು ತನ್ನಿ.